ದಿನ ತುಂಬದ ಕೂಸು ಶಾಲೆಯ ಮೆಟ್ಟಿಲೇರಿದಾಗ

ಶಾಲೆಗಳು ಪ್ರಾರಂಭವಾಗಿ ಎರಡು ತಿಂಗಳು ಕಳೆಯುತ್ತಿದ್ದಂತೆ ನನ್ನ ಚಿಕಿತ್ಸಾಲಯಕ್ಕೆ ಪ್ರತಿವರ್ಷವೂ ಒಂದೇ ಬಗೆಯ ಬೇಡಿಕೆ ಬರತೊಡಗುತ್ತದೆ. ಮೊದಲ ಕಿರುಪರೀಕ್ಷೆಯ ಅಂಕಪಟ್ಟಿಯನ್ನು ಹಿಡಿದು ತಂದೆತಾಯಿಗಳು, ಅಜ್ಜ ಅಜ್ಜಿಯರು ಬರುತ್ತಾರೆ. ಮಗುವಿನ ನೆನಪಿನ ಶಕ್ತಿ ಹೆಚ್ಚಲು ಒಂದು ಲೇಹ್ಯವನ್ನೋ ಘೃತವನ್ನೋ ಕೊಡಿರೆಂದು ಕೇಳುತ್ತಾರೆ. ಕಳೆದ ವರ್ಷ ಹಾಗೆ ಬಂದವರಲ್ಲಿ ಶ್ರೀಮಠದ ಭಕ್ತರೇ ಆದ ಒಬ್ಬ ಹಿರಿಯ ತಾಯಿಯೂ ಇದ್ದರು. ಮೂರನೆಯ ತರಗತಿಯ ಮೊಮ್ಮಗನನ್ನು ಕರೆತಂದಿದ್ದರು. “ಡಾಕ್ಟ್ರೇ, ಹುಡುಗ ಮಾತಿನ್ಯಾಗ ಭಾಳ ಶ್ಯಾಣ್ಯಾ ಅದಾನ್ರಿ. ಕಥಿ ಹೇಳಂದ್ರ ಹೇಳ್ತಾನ. ಲೆಕ್ಕ ಅಂದ್ರ ಕುಂತಲ್ಲೇ ಗೊಂಬಿ ಆಗ್ತಾನ. ಮಾಸ್ತರ್ರು ಮೈಗಳ್ಳ ಅಂತಾರ್ರಿ” ಎಂದರು.

ಹುಡುಗನೊಡನೆ ಸ್ವಲ್ಪ ಹೊತ್ತು ಮಾತನಾಡಿದೆ. ಊರು, ಮನೆ, ಆಕಳು, ಜಾತ್ರೆ ಎಲ್ಲವನ್ನೂ ಚೆನ್ನಾಗಿ ವಿವರಿಸಿದ. ಅನಂತರ ಮೂರು ಕೆಲಸಗಳನ್ನು ಒಮ್ಮೆಗೇ ಹೇಳಿದೆ: ಬಾಗಿಲು ಹಾಕು, ಮೇಜಿನ ಮೇಲಿನ ಪುಸ್ತಕ ತಾ, ಅಜ್ಜಿಗೆ ನೀರು ಕೊಡು. ಬಾಗಿಲು ಹಾಕಿದವನು ಅಲ್ಲಿಯೇ ನಿಂತ. ಉಳಿದ ಎರಡು ಕೆಲಸಗಳು ಅವನ ಮನಸ್ಸಿನಿಂದ ಜಾರಿಹೋಗಿದ್ದವು. ಆಗ ನಾನು ಅಜ್ಜಿಯನ್ನು ಕೇಳಿದ ಪ್ರಶ್ನೆ ಒಂದೇ: “ಕೂಸು ದಿನ ತುಂಬಿ ಹುಟ್ಟಿತ್ತೇನಮ್ಮಾ?” ಇಲ್ಲ, ಏಳು ತಿಂಗಳು ಕಳೆದು ಕೆಲವೇ ದಿನಗಳಾಗಿದ್ದವು, ತೂಕ ಒಂದೂವರೆ ಕಿಲೋಗಿಂತ ಕಡಿಮೆ, ಒಂದು ತಿಂಗಳಿಗೂ ಮಿಕ್ಕಿ ಜಿಲ್ಲಾ ಆಸ್ಪತ್ರೆಯ ನವಜಾತ ಶಿಶು ಘಟಕದಲ್ಲಿ ಇರಿಸಲಾಗಿತ್ತು. ಈ ಸಂಗತಿ ಅವನ ಶಾಲೆಯಲ್ಲಿ ಯಾರಿಗೂ ತಿಳಿದಿರಲಿಲ್ಲ. ಯಾರೂ ಕೇಳಿರಲಿಲ್ಲ, ಮನೆಯವರೂ ಹೇಳಿರಲಿಲ್ಲ. ಎಂಟು ವರ್ಷಗಳ ಹಿಂದಿನ ಹೆರಿಗೆಗೂ ಇಂದಿನ ಗಣಿತಕ್ಕೂ ಸಂಬಂಧವಿರಬಹುದೆಂದು ಅವರಿಗೆ ಹೊಳೆಯುವುದಾದರೂ ಹೇಗೆ?

ಆ ಸಂಬಂಧವನ್ನು ಶ್ರೀಮಠದ ಭಕ್ತಬಂಧುಗಳಿಗೆ ವಿವರಿಸುವುದು ಈ ಲೇಖನದ ಉದ್ದೇಶ. ಜೊತೆಗೆ ನಮ್ಮ ಶಾಲೆಗಳ ಮುಂದೆ ಒಂದು ಸಣ್ಣ ಬೇಡಿಕೆಯನ್ನು ಇಡುವ ಅಪೇಕ್ಷೆಯೂ ನನಗಿದೆ.

ಅವಧಿಪೂರ್ವ ಜನನವೆಂದರೇನು?

ಗರ್ಭಧಾರಣೆಯ ಪೂರ್ಣಾವಧಿ ಸುಮಾರು 40 ವಾರಗಳು. 37 ವಾರ ತುಂಬುವ ಮೊದಲು ಹುಟ್ಟಿದ ಮಗುವನ್ನು ಅವಧಿಪೂರ್ವ ಜನಿಸಿದ ಮಗು ಎನ್ನುತ್ತೇವೆ. ಇದರಲ್ಲಿಯೂ ಮೆಟ್ಟಿಲುಗಳಿವೆ. 32ರಿಂದ 37 ವಾರಗಳ ನಡುವೆ ಹುಟ್ಟುವ ಮಕ್ಕಳ ಸಂಖ್ಯೆಯೇ ಹೆಚ್ಚು. 28ರಿಂದ 32 ವಾರಗಳ ನಡುವಿನವು ಅತಿ ಬೇಗ ಹುಟ್ಟಿದವು. 28 ವಾರಕ್ಕೂ ಮುನ್ನ ಹುಟ್ಟಿದವು ಅತ್ಯಂತ ಸೂಕ್ಷ್ಮ ಸ್ಥಿತಿಯವು. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2020ರಲ್ಲಿ ಜಗತ್ತಿನಲ್ಲಿ ಸುಮಾರು 1 ಕೋಟಿ 34 ಲಕ್ಷ ಮಕ್ಕಳು ಹೀಗೆ ಹುಟ್ಟಿದವು. ಅವುಗಳಲ್ಲಿ ಸುಮಾರು 30 ಲಕ್ಷ ನಮ್ಮ ದೇಶದವು. ಬೇರಾವ ದೇಶದಲ್ಲಿಯೂ ಇಷ್ಟು ಸಂಖ್ಯೆಯಿಲ್ಲ. ನೂರು ಹೆರಿಗೆಗಳಲ್ಲಿ ಸುಮಾರು ಹದಿಮೂರು ಎಂದಾಯಿತು. ಹಾಗಾದರೆ ನಲವತ್ತು ಮಕ್ಕಳಿರುವ ಒಂದು ತರಗತಿಯಲ್ಲಿ ಇಂಥ ಮೂರು ನಾಲ್ಕು ಮಕ್ಕಳಾದರೂ ಕುಳಿತಿರುವ ಸಂಭವವುಂಟು.

ನಾನು ವೃತ್ತಿಗೆ ಬಂದ ಕಾಲದಲ್ಲಿ ಒಂದೂವರೆ ಕಿಲೋದ ಕೂಸು ಬದುಕುಳಿದರೆ ಊರೇ ಬೆರಗಾಗುತ್ತಿತ್ತು. ಇಂದು ಜಿಲ್ಲಾ ಆಸ್ಪತ್ರೆಗಳಲ್ಲಿ ನವಜಾತ ಶಿಶು ಘಟಕಗಳಿವೆ, ಶ್ವಾಸಕೋಶ ಬಲಿಯಲು ಹೆರಿಗೆಗೆ ಮುನ್ನವೇ ತಾಯಿಗೆ ಕೊಡುವ ಚುಚ್ಚುಮದ್ದಿದೆ, ದಕ್ಷ ದಾದಿಯರಿದ್ದಾರೆ. ಇವರೆಲ್ಲರ ಶ್ರಮದಿಂದ ಉಳಿದ ಮಕ್ಕಳು ಈಗ ಶಾಲೆಗೆ ಬರುತ್ತಿದ್ದಾರೆ. ಮಗುವನ್ನು ಉಳಿಸುವ ವ್ಯವಸ್ಥೆ ನಮ್ಮಲ್ಲಿ ಬೆಳೆದಷ್ಟು, ಉಳಿದ ಮಗುವಿನ ಕಲಿಕೆಯನ್ನು ಗಮನಿಸುವ ವ್ಯವಸ್ಥೆ ಬೆಳೆದಿಲ್ಲ.

ಮಿದುಳಿನ ಕೊನೆಯ ಮೂರು ತಿಂಗಳು

ಗರ್ಭದ ಕೊನೆಯ ಮೂರು ತಿಂಗಳುಗಳಲ್ಲಿ ಮಗು ಬರಿದೆ ತೂಕ ಹಾಕುತ್ತದೆಂದು ಅನೇಕರು ತಿಳಿದಿದ್ದಾರೆ. ವಾಸ್ತವವಾಗಿ ಮಿದುಳು ಅತಿ ವೇಗವಾಗಿ ಬೆಳೆಯುವ ಕಾಲವದು. 34ನೆಯ ವಾರದಲ್ಲಿ ಮಗುವಿನ ಮಿದುಳಿನ ತೂಕ ಪೂರ್ಣಾವಧಿಯ ಮಿದುಳಿನ ತೂಕದ ಸುಮಾರು ಶೇಕಡಾ 65ರಷ್ಟು ಮಾತ್ರ ಇರುತ್ತದೆ. ಉಳಿದ ಮೂರನೆಯ ಒಂದು ಭಾಗ ಕೊನೆಯ ಆರು ವಾರಗಳಲ್ಲಿ ಕೂಡಿಕೊಳ್ಳಬೇಕು. ನಯವಾಗಿದ್ದ ಮಿದುಳಿನ ಮೇಲ್ಪದರದಲ್ಲಿ ಮಡಿಕೆಗಳು ಮೂಡುವುದು, ಒಂದು ಭಾಗವನ್ನು ಇನ್ನೊಂದು ಭಾಗಕ್ಕೆ ಬೆಸೆಯುವ ನರತಂತುಗಳು ಹರಡುವುದು, ಆ ತಂತುಗಳಿಗೆ ಹೊದಿಕೆ ನೇಯುವ ಜೀವಕೋಶಗಳು ಸಿದ್ಧವಾಗುವುದು, ಎಲ್ಲವೂ ಈ ಅವಧಿಯಲ್ಲಿಯೇ. ಈ ಹೊದಿಕೆಯ ಜೀವಕೋಶಗಳು ಎಳೆಯ ಸ್ಥಿತಿಯಲ್ಲಿ ಆಮ್ಲಜನಕದ ಏರುಪೇರನ್ನೂ ಸೋಂಕಿನ ಬಾಧೆಯನ್ನೂ ತಾಳಲಾರವು. ತಾಯಿಯ ಗರ್ಭದ ಕತ್ತಲೆಯಲ್ಲಿ, ಸಮನಾದ ಶಾಖದಲ್ಲಿ ನಡೆಯಬೇಕಾದ ಈ ಕಾರ್ಯ ಅವಧಿಪೂರ್ವ ಮಗುವಿನಲ್ಲಿ ಬೆಳಕು, ಸದ್ದು, ಸೂಜಿಗಳ ನಡುವೆ ನಡೆಯುತ್ತದೆ. ಸಂದೇಶ ಸಾಗಿಸುವ ತಂತುಗಳ ಹೆಣಿಗೆ ತುಸು ಸಡಿಲವಾದರೆ, ಮಗು ನಡೆಯುವುದೂ ಮಾತನಾಡುವುದೂ ಸರಿಯಾಗಿಯೇ ಇದ್ದು, ಹಲವು ವಿಷಯಗಳನ್ನು ಏಕಕಾಲಕ್ಕೆ ಮನಸ್ಸಿನಲ್ಲಿ ಹಿಡಿಯಬೇಕಾದ ಶಾಲಾ ವಯಸ್ಸಿನಲ್ಲಿ ತೊಡಕು ಕಾಣಿಸಿಕೊಳ್ಳುತ್ತದೆ.

ಅಧ್ಯಯನಗಳು ಏನು ಹೇಳುತ್ತವೆ?

1995ರಲ್ಲಿ ಬ್ರಿಟನ್ ಮತ್ತು ಐರ್ಲೆಂಡಿನಲ್ಲಿ 26 ವಾರ ತುಂಬುವ ಮೊದಲೇ ಹುಟ್ಟಿ ಬದುಕುಳಿದ ಮಕ್ಕಳನ್ನು ಎಪಿಕ್ಯೂರ್ ಎಂಬ ಅಧ್ಯಯನ ವರ್ಷಾನುಗಟ್ಟಲೆ ಹಿಂಬಾಲಿಸಿತು. ಹನ್ನೊಂದನೆಯ ವಯಸ್ಸಿನಲ್ಲಿ ಅವರಲ್ಲಿ ಸುಮಾರು ಶೇಕಡಾ 40ರಷ್ಟು ಮಕ್ಕಳಿಗೆ ಗ್ರಹಣಶಕ್ತಿಯ ಗಂಭೀರ ಕೊರತೆ ಕಂಡಿತು. ಅವರ ಸಹಪಾಠಿಗಳಲ್ಲಿ ಇದು ಶೇಕಡಾ ಒಂದೆರಡು ಮಾತ್ರ. ಅದು ಅತ್ಯಂತ ಬೇಗ ಹುಟ್ಟಿದವರ ಕಥೆ. ಒಟ್ಟಾರೆ ಅವಧಿಪೂರ್ವ ಮಕ್ಕಳ ಕುರಿತ ಹಲವು ಅಧ್ಯಯನಗಳನ್ನು 2002ರಲ್ಲಿ ಒಟ್ಟುಗೂಡಿಸಿ ನೋಡಿದಾಗ, ಶಾಲಾ ವಯಸ್ಸಿನಲ್ಲಿ ಅವರ ಬುದ್ಧಿಮಾಪನದ ಅಂಕ ಸರಾಸರಿ 11ರಷ್ಟು ಕಡಿಮೆಯಿತ್ತು. ಗಮನದ ಕೊರತೆಯ ತೊಂದರೆ ಎರಡು ಪಟ್ಟಿಗಿಂತ ಹೆಚ್ಚಿತ್ತು. ಸ್ಕಾಟ್ಲೆಂಡಿನಲ್ಲಿ ನಾಲ್ಕು ಲಕ್ಷಕ್ಕೂ ಮಿಕ್ಕ ಶಾಲಾ ಮಕ್ಕಳ ದಾಖಲೆಗಳನ್ನು ಪರಿಶೀಲಿಸಿ 2010ರಲ್ಲಿ ಪ್ರಕಟಿಸಿದ ವರದಿ ಇನ್ನೂ ಒಂದು ಸಂಗತಿಯನ್ನು ತೋರಿಸಿತು. 40 ವಾರದಿಂದ ಹಿಂದೆ ಹೋದಂತೆಲ್ಲ ಶಾಲೆಯಲ್ಲಿ ವಿಶೇಷ ನೆರವಿನ ಅಗತ್ಯ ಮೆಟ್ಟಿಲು ಮೆಟ್ಟಿಲಾಗಿ ಏರುತ್ತದೆ. 37ರಿಂದ 39 ವಾರಗಳಲ್ಲಿ ಹುಟ್ಟಿದವರಲ್ಲಿಯೂ ಅದು ತುಸು ಹೆಚ್ಚಿರುತ್ತದೆ. ವೈದ್ಯಕೀಯ ಕಾರಣವಿಲ್ಲದೆ ಮುಹೂರ್ತ ನೋಡಿ ಮುಂಚಿತವಾಗಿ ಶಸ್ತ್ರಚಿಕಿತ್ಸೆಯ ಹೆರಿಗೆ ಮಾಡಿಸುವವರು ಈ ಸಾಲನ್ನು ಎರಡು ಬಾರಿ ಓದಬೇಕು.

ಇವೆಲ್ಲ ಸರಾಸರಿಗಳೆಂಬುದನ್ನು ಮರೆಯಬಾರದು. 34–35 ವಾರಕ್ಕೆ ಹುಟ್ಟಿದ ಬಹುಪಾಲು ಮಕ್ಕಳು ಯಾವ ಅಡಚಣೆಯೂ ಇಲ್ಲದೆ ಓದಿ ಮುಂದೆ ಬರುತ್ತಾರೆ. ಬಹು ಬೇಗ ಹುಟ್ಟಿಯೂ ತರಗತಿಗೇ ಮೊದಲಿಗರಾದವರನ್ನು ನಾನು ಬಲ್ಲೆ. ಈ ಅಂಕಿಅಂಶಗಳು ಯಾವ ಮಗುವಿನ ಹಣೆಬರಹವನ್ನೂ ಹೇಳುವುದಿಲ್ಲ. ಯಾವ ಮಗುವಿನ ಕಡೆ ಮೊದಲೇ ಕಣ್ಣಿಡಬೇಕೆಂದು ಹೇಳುತ್ತವೆ.

ಧೀ, ಧೃತಿ, ಸ್ಮೃತಿ

ಆಯುರ್ವೇದ ಬುದ್ಧಿಯನ್ನು ಒಂದೇ ವಸ್ತುವೆಂದು ಎಣಿಸುವುದಿಲ್ಲ. ಅರಿಯುವ ಶಕ್ತಿ ಧೀ, ಹಿಡಿದಿಡುವ ಮತ್ತು ಮನಸ್ಸನ್ನು ನಿಯಂತ್ರಿಸುವ ಶಕ್ತಿ ಧೃತಿ, ಮರಳಿ ನೆನೆಯುವ ಶಕ್ತಿ ಸ್ಮೃತಿ ಎಂದು ಚರಕಾಚಾರ್ಯರು ಮೂರನ್ನು ಹೇಳಿದ್ದಾರೆ. ಅವಧಿಪೂರ್ವ ಮಕ್ಕಳನ್ನು ನೋಡುವಾಗ ಈ ವಿಭಾಗ ನನಗೆ ಬಹಳ ಉಪಯುಕ್ತವಾಗಿದೆ. ಇವರಲ್ಲಿ ಅನೇಕರಿಗೆ ಧೀ ಚೆನ್ನಾಗಿಯೇ ಇರುತ್ತದೆ. ಸೊರಗಿರುವುದು ಧೃತಿ. ಆಧುನಿಕ ಮನೋವಿಜ್ಞಾನ ಇದನ್ನೇ ಕಾರ್ಯನಿರತ ಸ್ಮರಣೆ, ಗಮನ, ಗ್ರಹಿಕೆಯ ವೇಗ ಎಂದು ಬಿಡಿಸಿ ಹೇಳುತ್ತದೆ.

ತರಗತಿಯಲ್ಲಿ ಇದು ಹೇಗೆ ಕಾಣುತ್ತದೆ? ದಶಕ ಎರವಲು ತೆಗೆದುಕೊಂಡು ಕಳೆಯುವ ಲೆಕ್ಕವನ್ನು ನೋಡಿರಿ. ಬಿಡಿ ಸ್ಥಾನದಲ್ಲಿ ಸಾಲದು, ಹತ್ತರ ಸ್ಥಾನದಿಂದ ಒಂದನ್ನು ತರಬೇಕು, ತಂದದ್ದನ್ನು ನೆನಪಿಡಬೇಕು, ಕಳೆಯಬೇಕು, ಮತ್ತೆ ಹತ್ತರ ಸ್ಥಾನಕ್ಕೆ ಮರಳಬೇಕು. ಪ್ರತಿ ಹೆಜ್ಜೆಯನ್ನು ಬಲ್ಲ ಮಗುವೂ ನಡುದಾರಿಯಲ್ಲಿ ಎಳೆ ಕಳೆದುಕೊಳ್ಳುತ್ತದೆ. ಆದ್ದರಿಂದಲೇ ಓದುಬರಹಕ್ಕಿಂತ ಗಣಿತದಲ್ಲಿ ಈ ಮಕ್ಕಳ ತೊಂದರೆ ಹೆಚ್ಚು. ಹಲಗೆಯ ಮೇಲಿನದನ್ನು ನೋಡಿ ಬರೆದುಕೊಳ್ಳುವುದು ತಡವಾಗುತ್ತದೆ. ಉಕ್ತಲೇಖನದಲ್ಲಿ ಪದಗಳು ಬಿಟ್ಟುಹೋಗುತ್ತವೆ. ಗದ್ದಲವಿದ್ದರೆ ಏನೂ ತಲೆಗೆ ಹತ್ತುವುದಿಲ್ಲ.

ಇನ್ನೊಂದು ಮುಖ್ಯ ಲಕ್ಷಣವನ್ನು ಶಿಕ್ಷಕರು ಗಮನಿಸಬೇಕು. ಗಮನದ ಕೊರತೆಯೆಂದ ಕೂಡಲೇ ಒಂದು ಕಡೆ ಕೂರದ ತುಂಟ ಮಗು ನಮ್ಮ ಕಣ್ಣಮುಂದೆ ಬರುತ್ತದೆ. ಅವಧಿಪೂರ್ವ ಮಗು ಬಹುಮಟ್ಟಿಗೆ ಹಾಗಿರುವುದಿಲ್ಲ. ಅದು ಸದ್ದಿಲ್ಲದೆ ಕುಳಿತಿರುತ್ತದೆ, ಕಿಟಕಿಯತ್ತ ನೋಡುತ್ತಿರುತ್ತದೆ, ಸಂಕೋಚ ಮತ್ತು ಅಂಜಿಕೆ ಹೆಚ್ಚು. ಯಾರಿಗೂ ತೊಂದರೆ ಕೊಡದ ಕಾರಣ ಯಾರ ಗಮನಕ್ಕೂ ಬರುವುದಿಲ್ಲ. ನಾಲ್ಕನೆಯ, ಐದನೆಯ ತರಗತಿಗೆ ಬರುವ ಹೊತ್ತಿಗೆ ‘ದಡ್ಡ’, ‘ಸೋಮಾರಿ’ ಎಂಬ ಹೆಸರು ಅಂಟಿರುತ್ತದೆ. ಮಗುವೂ ಅದನ್ನು ನಂಬಿರುತ್ತದೆ.

ಏಳು ತಿಂಗಳು, ಎಂಟು ತಿಂಗಳು

‘ಏಳು ತಿಂಗಳ ಕೂಸು ಉಳಿಯುತ್ತದೆ, ಎಂಟು ತಿಂಗಳದ್ದು ಉಳಿಯದು’ ಎಂಬ ಮಾತು ನಮ್ಮ ಹಳ್ಳಿಗಳಲ್ಲಿ ಇಂದಿಗೂ ಇದೆ. ಎಂಟನೆಯ ತಿಂಗಳಲ್ಲಿ ಓಜಸ್ಸು ತಾಯಿ ಮತ್ತು ಗರ್ಭದ ನಡುವೆ ಅಸ್ಥಿರವಾಗಿರುತ್ತದೆ, ಆಗ ಆಗುವ ಹೆರಿಗೆ ಅಪಾಯಕರ ಎಂದು ನಮ್ಮ ಸಂಹಿತೆಗಳಲ್ಲಿಯೂ ಹೇಳಿದೆ. ಆ ತಿಂಗಳಲ್ಲಿ ಗರ್ಭಿಣಿಯನ್ನು ಜತನದಿಂದ ಕಾಯಬೇಕೆಂಬ ಎಚ್ಚರಿಕೆಯಾಗಿ ಅದನ್ನು ನಾನು ಗೌರವಿಸುತ್ತೇನೆ. ಆದರೆ ಏಳು ತಿಂಗಳದ್ದೇ ಲೇಸು ಎಂಬ ತೀರ್ಮಾನ ತಪ್ಪು. ಗರ್ಭದಲ್ಲಿ ಕಳೆದ ಒಂದೊಂದು ವಾರವೂ ಮಗುವಿನ ಉಳಿವಿಗೂ ಮಿದುಳಿಗೂ ಲಾಭವೇ. ಈ ಮಾತಿನ ಬಲದಿಂದ ‘ಏಳು ತಿಂಗಳದ್ದು ತಾನೆ, ಏನೂ ಆಗದು’ ಎಂದು ತಪಾಸಣೆಗಳನ್ನು ಕೈಬಿಟ್ಟ ಮನೆಗಳನ್ನು ನಾನು ಕಂಡಿದ್ದೇನೆ.

ನನ್ನದೇ ಒಂದು ತಪ್ಪು

ಪರರ ತಪ್ಪನ್ನು ಹೇಳುವ ಮೊದಲು ನನ್ನದನ್ನು ಹೇಳುವುದು ನ್ಯಾಯ. ಸುಮಾರು ಇಪ್ಪತ್ತು ವರ್ಷಗಳ ಹಿಂದೆ ಎರಡನೆಯ ತರಗತಿಯ ಬಾಲಕಿಯೊಬ್ಬಳನ್ನು ಕರೆತಂದಿದ್ದರು. ದಿನ ತುಂಬದೆ ಹುಟ್ಟಿದವಳೆಂದು ತಾಯಿ ಹೇಳಿದ್ದರು. ‘ಬೆಳೆಯುತ್ತ ಸರಿಹೋಗುತ್ತಾಳೆ’ ಎಂದು ಧೈರ್ಯ ಹೇಳಿ ಬ್ರಾಹ್ಮೀ ಘೃತ ಕೊಟ್ಟೆ. ಒಂದು ವರ್ಷ ಕ್ರಮ ತಪ್ಪದೆ ಸೇವಿಸಿದಳು. ಹಸಿವು ಹೆಚ್ಚಿತು, ನಿದ್ರೆ ಚೆನ್ನಾಯಿತು. ಓದು ಅಲ್ಲಿಯೇ ನಿಂತಿತ್ತು. ಕೊನೆಗೆ ಊರಿನ ಉಚಿತ ನೇತ್ರ ತಪಾಸಣಾ ಶಿಬಿರದಲ್ಲಿ ಗೊತ್ತಾಯಿತು: ಒಂದು ಕಣ್ಣಿಗೆ ಬಹಳ ಹೆಚ್ಚಿನ ಸಮೀಪದೃಷ್ಟಿ, ಇನ್ನೊಂದರಲ್ಲಿ ದೃಷ್ಟಿ ಮಂದವಾಗಿತ್ತು. ಹಲಗೆಯ ಮೇಲಿನ ಅಕ್ಷರ ಅವಳಿಗೆ ಕಾಣುತ್ತಲೇ ಇರಲಿಲ್ಲ. ಅವಧಿಪೂರ್ವ ಮಕ್ಕಳಲ್ಲಿ ಸಮೀಪದೃಷ್ಟಿ, ಮೆಳ್ಳೆಗಣ್ಣು, ಕಿವಿಯ ಮಾಂದ್ಯ ಇತರರಿಗಿಂತ ಹೆಚ್ಚೆಂಬುದು ನನಗೆ ತಿಳಿದಿರಬೇಕಾಗಿತ್ತು. ಔಷಧಕ್ಕಿಂತ ಮೊದಲು ಪರೀಕ್ಷೆಗೆ ಕಳುಹಿಸಬೇಕಾಗಿತ್ತು. ಮಂದವಾದ ಕಣ್ಣಿನ ಚಿಕಿತ್ಸೆಗೆ ಎಳೆಯ ವಯಸ್ಸಿನ ಒಂದು ವರ್ಷ ಬಹು ದೊಡ್ಡದು. ಆ ವರ್ಷವನ್ನು ಅವಳಿಂದ ಕಳೆದವನು ನಾನು.

ಅಂದಿನಿಂದ ನನ್ನಲ್ಲಿ ಒಂದು ನಿಯಮವಿದೆ. ಓದಿನಲ್ಲಿ ಹಿಂದಿರುವ ಮಗು ಬಂದರೆ ಮೊದಲು ಜನನದ ವಿವರ, ಅನಂತರ ಕಣ್ಣು ಮತ್ತು ಕಿವಿಯ ತಪಾಸಣೆ, ರಕ್ತಹೀನತೆಯ ಪರೀಕ್ಷೆ. ಇವೆಲ್ಲ ಆದ ಮೇಲೆಯೇ ಔಷಧದ ಮಾತು. ಸ್ವರ್ಣಪ್ರಾಶನದ ಬಗ್ಗೆ ಭಕ್ತರು ಪದೇ ಪದೇ ಕೇಳುತ್ತಾರೆ. ಕಾಶ್ಯಪ ಸಂಹಿತೆಯಲ್ಲಿ ಉಕ್ತವಾದ ಸಂಸ್ಕಾರವದು. ನಾನೂ ಅರ್ಹ ಮಕ್ಕಳಿಗೆ ಕೊಟ್ಟಿದ್ದೇನೆ. ಆದರೆ ಪುಷ್ಯ ನಕ್ಷತ್ರದ ದಿನ ಎರಡು ಹನಿ ಹಾಕಿಸಿದೆವು, ಇನ್ನು ಲೆಕ್ಕ ತಾನಾಗಿ ಬರುತ್ತದೆ ಎಂದು ಯಾರೂ ಭಾವಿಸಬಾರದು. ಅವಧಿಪೂರ್ವ ಜನನದಿಂದ ಬಂದ ಕಲಿಕೆಯ ತೊಡಕನ್ನು ನೀಗಿಸುತ್ತದೆಂದು ಸಿದ್ಧವಾದ ಔಷಧ ಯಾವ ಪದ್ಧತಿಯಲ್ಲಿಯೂ ಇಲ್ಲ. ವೈದ್ಯರನ್ನು ಕೇಳದೆ ಅಂಗಡಿಯಿಂದ ರಸೌಷಧಿಗಳನ್ನು ತಂದು ಎಳೆಯ ಮಕ್ಕಳಿಗೆ ನೆಕ್ಕಿಸುವುದಂತೂ ಕೂಡದು.

ಯಾವುದು ನೆರವಾಗುತ್ತದೆ?

ನೆರವು ಹುಟ್ಟಿದ ದಿನದಿಂದಲೇ ಆರಂಭವಾಗಬೇಕು. ಕೊಲಂಬಿಯಾ ದೇಶದ ಬೊಗೋಟಾ ನಗರದಲ್ಲಿ 1978ರಲ್ಲಿ, ಶಾಖಪೆಟ್ಟಿಗೆಗಳ ಅಭಾವದಿಂದ, ಕೂಸನ್ನು ತಾಯಿಯ ಎದೆಗೆ ಚರ್ಮಕ್ಕೆ ಚರ್ಮ ತಾಗುವಂತೆ ಕಟ್ಟಿ ಸಲಹುವ ಕ್ರಮ ಆರಂಭವಾಯಿತು. ಅದೇ ಕಾಂಗರೂ ಆರೈಕೆ. ಹೀಗೆ ಬೆಳೆದ ಮಕ್ಕಳನ್ನು ಇಪ್ಪತ್ತು ವರ್ಷಗಳ ಅನಂತರ ನೋಡಿದಾಗ, ಅವರು ಶಾಲೆಗೆ ಗೈರುಹಾಜರಾದದ್ದು ಕಡಿಮೆ, ಚಂಚಲತೆ ಮತ್ತು ಆಕ್ರಮಣಶೀಲತೆ ಕಡಿಮೆ ಎಂದು ಕಂಡುಬಂತು. ನಮ್ಮ ಕೊಪ್ಪಳ ಜಿಲ್ಲೆಯಲ್ಲಿಯೇ ಈ ಆರೈಕೆಯನ್ನು ಸರ್ಕಾರಿ ಆಸ್ಪತ್ರೆಗಳಿಂದ ಮನೆಯವರೆಗೆ ವಿಸ್ತರಿಸುವ ಪ್ರಯೋಗ ನಡೆದು ಜಗತ್ತಿನ ಗಮನ ಸೆಳೆದಿದೆ. ತಂದೆಯೂ ಅಜ್ಜಿಯೂ ಈ ಕೆಲಸವನ್ನು ಮಾಡಬಹುದು. ತಾಯಿಯ ಹಾಲಿನ ಮಹತ್ವವೂ ಹಾಗೆಯೇ. ನಳಿಕೆಯ ಮೂಲಕವಾದರೂ ತಾಯಿಯ ಹಾಲನ್ನು ಪಡೆದ ಅವಧಿಪೂರ್ವ ಮಕ್ಕಳು ಏಳೆಂಟು ವರ್ಷದ ಬುದ್ಧಿಮಾಪನದಲ್ಲಿ ಸುಮಾರು ಎಂಟು ಅಂಕ ಮುಂದಿದ್ದರೆಂದು 1992ರ ಇಂಗ್ಲೆಂಡಿನ ಅಧ್ಯಯನವೊಂದು ತೋರಿಸಿತು. ಕುಟುಂಬದ ವಿದ್ಯೆ, ಸ್ಥಿತಿಗತಿಗಳನ್ನು ಲೆಕ್ಕಕ್ಕೆ ಹಿಡಿದ ಮೇಲೂ ಆ ಅಂತರ ಉಳಿದಿತ್ತು.

ಹುಟ್ಟಿದ ಒಂದು ತಿಂಗಳೊಳಗೆ ಕಣ್ಣಿನ ಪಟಲದ ಪರೀಕ್ಷೆ ಆಗಲೇಬೇಕು. ಕರ್ನಾಟಕದಲ್ಲಿ 2008ರಿಂದ ಕಿಡ್‌ರಾಪ್ ಎಂಬ ಯೋಜನೆಯಡಿ ತಂತ್ರಜ್ಞರು ಜಿಲ್ಲೆಗಳ ಶಿಶು ಘಟಕಗಳಿಗೇ ಹೋಗಿ ಚಿತ್ರ ತೆಗೆದು ತಜ್ಞರಿಗೆ ಕಳುಹಿಸುತ್ತಿದ್ದಾರೆ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ 18 ವರ್ಷದವರೆಗಿನ ಮಕ್ಕಳಿಗೆ ಉಚಿತ ತಪಾಸಣೆಯುಂಟು. ಜಿಲ್ಲಾ ಮಟ್ಟದಲ್ಲಿ ಬೆಳವಣಿಗೆಯ ದೋಷಗಳನ್ನು ಬೇಗ ಗುರುತಿಸುವ ಕೇಂದ್ರಗಳಿವೆ. ನಮ್ಮ ಆಶಾ ಕಾರ್ಯಕರ್ತೆಯರನ್ನು ಕೇಳಿದರೆ ದಾರಿ ತೋರಿಸುತ್ತಾರೆ.

ಮಗುವಿನ ಬೆಳವಣಿಗೆಯನ್ನು ಎರಡು ವರ್ಷದವರೆಗೆ ಹೆರಿಗೆಗೆ ಗೊತ್ತಾಗಿದ್ದ ದಿನದಿಂದ ಎಣಿಸಬೇಕು. ಎರಡು ತಿಂಗಳು ಮೊದಲೇ ಹುಟ್ಟಿದ ಕೂಸು ಎರಡು ತಿಂಗಳು ತಡವಾಗಿ ಅಂಬೆಗಾಲಿಟ್ಟರೆ ಅದು ತಡವಲ್ಲ. ಈ ಲೆಕ್ಕವನ್ನು ಶಾಲೆ ಮರೆತುಬಿಡುತ್ತದೆ. ನಮ್ಮಲ್ಲಿ ಒಂದನೆಯ ತರಗತಿಗೆ ವಯಸ್ಸನ್ನು ಜೂನ್ 1ಕ್ಕೆ ಎಣಿಸುವ ರೂಢಿಯಿದೆ. ಜುಲೈ ಕೊನೆಯಲ್ಲಿ ಹುಟ್ಟಬೇಕಾಗಿದ್ದ ಮಗು ಹತ್ತು ವಾರ ಮೊದಲು, ಮೇ ತಿಂಗಳಲ್ಲಿ ಹುಟ್ಟಿದರೆ, ಅದು ಮುಂದಿನ ವರ್ಷ ಸೇರಬೇಕಾಗಿದ್ದ ತರಗತಿಗೆ ಈ ವರ್ಷವೇ ಬಂದು, ಎಲ್ಲರಿಗಿಂತ ಕಿರಿಯದಾಗಿ ಕುಳಿತುಕೊಳ್ಳುತ್ತದೆ. ಹಾಗೆಂದು ಒಂದು ವರ್ಷ ಮನೆಯಲ್ಲಿ ಸುಮ್ಮನೆ ಕೂರಿಸುವುದೂ ಪರಿಹಾರವಲ್ಲ. ಜರ್ಮನಿಯ ಬವೇರಿಯಾದಲ್ಲಿ ತಡವಾಗಿ ಶಾಲೆಗೆ ಸೇರಿದ ಅವಧಿಪೂರ್ವ ಮಕ್ಕಳು ಎಂಟನೆಯ ವಯಸ್ಸಿನ ಪರೀಕ್ಷೆಗಳಲ್ಲಿ ಮುಂದೆ ಬರಲಿಲ್ಲ, ಹಿಂದೆಯೇ ಉಳಿದರು. ತಡೆಯುವುದಾದರೆ ಆ ವರ್ಷ ಅಂಗನವಾಡಿಯಲ್ಲಿ, ಪೂರ್ವ ಪ್ರಾಥಮಿಕ ತರಗತಿಯಲ್ಲಿ ಕಲಿಕೆಯಿಂದ ತುಂಬಿರಬೇಕು.

ತರಗತಿಯಲ್ಲಿ ಬೇಕಾದದ್ದು ದುಬಾರಿಯಾದುದೇನಲ್ಲ. ಮುಂದಿನ ಸಾಲಿನಲ್ಲಿ ಕೂರಿಸಿರಿ. ಒಂದು ಸಲಕ್ಕೆ ಒಂದೇ ಸೂಚನೆ ಕೊಡಿರಿ. ಲೆಕ್ಕದ ಹಂತಗಳನ್ನು ಬರೆದು ಕಣ್ಣೆದುರಿಗೆ ಇಡಿರಿ. ಹುಣಸೆ ಬೀಜ, ಕಡ್ಡಿಗಳನ್ನು ಮೂರನೆಯ ತರಗತಿಯಲ್ಲಿಯೂ ಬಳಸಲು ಬಿಡಿರಿ. ಉತ್ತರಕ್ಕೆ ಇನ್ನಷ್ಟು ಹೊತ್ತು ಕಾಯಿರಿ. ತೊಡಕು ತೀವ್ರವಾಗಿದ್ದರೆ ಮನಶ್ಶಾಸ್ತ್ರಜ್ಞರಿಂದ ಪರೀಕ್ಷೆ ಮಾಡಿಸಿರಿ. 2016ರ ವಿಕಲಚೇತನರ ಹಕ್ಕುಗಳ ಕಾಯಿದೆ ಕಲಿಕೆಯ ನ್ಯೂನತೆಯನ್ನೂ ಒಳಗೊಂಡಿದೆ. ಪ್ರಮಾಣಪತ್ರವಿದ್ದರೆ ಸಾರ್ವಜನಿಕ ಪರೀಕ್ಷೆಗಳಲ್ಲಿ ಹೆಚ್ಚಿನ ಸಮಯದಂತಹ ಸೌಲಭ್ಯಗಳು ದೊರೆಯುತ್ತವೆ.

ಪ್ರವೇಶಪತ್ರದಲ್ಲಿ ಒಂದು ಸಾಲು

ಈಗ ನನ್ನ ಬೇಡಿಕೆ. ಶಾಲೆಯ ಪ್ರವೇಶಪತ್ರದಲ್ಲಿ ನಾವು ತಂದೆಯ ಉದ್ಯೋಗವನ್ನು ಕೇಳುತ್ತೇವೆ, ಆದಾಯವನ್ನು ಕೇಳುತ್ತೇವೆ, ಜಾತಿಯನ್ನು ಕೇಳುತ್ತೇವೆ. ‘ಮಗು ಎಷ್ಟನೆಯ ವಾರದಲ್ಲಿ ಹುಟ್ಟಿತು? ಹುಟ್ಟಿದಾಗಿನ ತೂಕವೆಷ್ಟು?’ ಎಂಬ ಒಂದು ಸಾಲನ್ನು ಯಾಕೆ ಸೇರಿಸಬಾರದು? ತಾಯಿ ಕಾರ್ಡಿನಲ್ಲಿ, ಆಸ್ಪತ್ರೆಯ ಬಿಡುಗಡೆ ಪತ್ರದಲ್ಲಿ ಈ ವಿವರ ಇದ್ದೇ ಇರುತ್ತದೆ. ನಮ್ಮ ನಾಡಿನ ಮಠಗಳು ನಡೆಸುವ ಶಾಲೆಗಳಲ್ಲಿ, ಉಚಿತ ವಿದ್ಯಾರ್ಥಿನಿಲಯಗಳಲ್ಲಿ ಸಾವಿರಾರು ಬಡ ಮಕ್ಕಳು ಓದುತ್ತಿದ್ದಾರೆ. ಸರ್ಕಾರದ ಆದೇಶಕ್ಕೆ ಕಾಯದೆ ಈ ಕೆಲಸವನ್ನು ಮೊದಲು ಮಾಡಬಲ್ಲವರು ನಾವೇ.

ಇದಕ್ಕೆ ಒಂದು ಆಕ್ಷೇಪ ಬರಬಹುದು. ಹೀಗೆ ಬರೆದಿಟ್ಟರೆ ಮಗುವಿಗೆ ಮೊದಲ ದಿನವೇ ಹಣೆಪಟ್ಟಿ ಹಚ್ಚಿದಂತಾಗದೇ? ಈ ಆತಂಕ ನಿಜವಾದುದು. ಆದ್ದರಿಂದ ಈ ವಿವರ ಮುಖ್ಯೋಪಾಧ್ಯಾಯರು ಮತ್ತು ತರಗತಿಯ ಶಿಕ್ಷಕರ ಹೊರತು ಬೇರೆಯವರಿಗೆ ತಿಳಿಯಬಾರದು. ಪ್ರವೇಶ ನಿರಾಕರಿಸಲು ಅದನ್ನು ಎಂದಿಗೂ ಬಳಸಬಾರದು. ಕಣ್ಣು, ಕಿವಿ ಮತ್ತು ಕಲಿಕೆಯ ತಪಾಸಣೆಗೆ ವರ್ಷಕ್ಕೊಮ್ಮೆ ಕಳುಹಿಸಲಷ್ಟೇ ಅದು ಆಧಾರವಾಗಬೇಕು. ಇಂದು ಏನೂ ಬರೆಯದಿದ್ದರೂ ‘ದಡ್ಡ’ ಎಂಬ ಹಣೆಪಟ್ಟಿ ಹೇಗೂ ಬೀಳುತ್ತಿದೆ. ಅದಕ್ಕಿಂತ ಸತ್ಯದ ಒಂದು ಸಾಲು ಮೇಲಲ್ಲವೇ?

ತಾಯಂದಿರಿಗೆ ಒಂದು ಮಾತು. ಅವಧಿಪೂರ್ವ ಹೆರಿಗೆಗೆ ಸೋಂಕು, ರಕ್ತದೊತ್ತಡ, ರಕ್ತಹೀನತೆ, ಅವಳಿ ಗರ್ಭ ಮೊದಲಾದ ಅನೇಕ ಕಾರಣಗಳಿವೆ. ಎಷ್ಟೋ ಬಾರಿ ಕಾರಣವೇ ತಿಳಿಯುವುದಿಲ್ಲ. ‘ಆಕೆ ಭಾರ ಎತ್ತಿದಳು, ಗ್ರಹಣ ನೋಡಿದಳು’ ಎಂದು ಸೊಸೆಯನ್ನು ದೂಷಿಸುವ ಮನೆಯಲ್ಲಿ ಜನನದ ಸಂಗತಿ ಮುಚ್ಚಿಹೋಗುತ್ತದೆ, ಅದರ ಫಲವನ್ನು ಮಗು ಶಾಲೆಯಲ್ಲಿ ಉಣ್ಣುತ್ತದೆ. ಹೆಣ್ಣುಮಕ್ಕಳ ಮದುವೆಯನ್ನು ವಯಸ್ಸು ತುಂಬಿದ ಮೇಲೆ ಮಾಡುವುದು, ಎರಡು ಹೆರಿಗೆಗಳ ನಡುವೆ ಅಂತರ ಇಡುವುದು, ಗರ್ಭಿಣಿಯ ರಕ್ತಹೀನತೆ ನೀಗಿಸುವುದು, ಮೂತ್ರದ ಸೋಂಕಿಗೆ ಕೂಡಲೇ ಚಿಕಿತ್ಸೆ ಕೊಡಿಸುವುದು ಮನೆಯವರೆಲ್ಲರ ಹೊಣೆ.

ಆ ಅಜ್ಜಿಗೆ ಅಂದು ನಾನು ಲೇಹ್ಯ ಕೊಡಲಿಲ್ಲ. ಕಣ್ಣಿನ ಪರೀಕ್ಷೆಗೆ ಒಂದು ಚೀಟಿ, ಅವನ ಗುರುಗಳಿಗೆ ಒಂದು ಪತ್ರ ಬರೆದುಕೊಟ್ಟೆ. ಪತ್ರದಲ್ಲಿ ಅವನು ಹುಟ್ಟಿದ ವಾರ, ತೂಕ ಮತ್ತು ಒಂದು ಸಲಕ್ಕೆ ಒಂದೇ ಸೂಚನೆ ಕೊಡಿರೆಂಬ ವಿನಂತಿ ಇತ್ತು. ಅಜ್ಜಿಗೆ ಅಷ್ಟೇನೂ ಸಮಾಧಾನವಾಗಲಿಲ್ಲ. ಔಷಧವಿಲ್ಲದೆ ಬರಿಗೈಯಲ್ಲಿ ಹೋಗುವುದು ಅವರಿಗೆ ಒಗ್ಗದು. ದೀಪಾವಳಿಯ ಅನಂತರ ಮತ್ತೆ ಬಂದಾಗ ಹುಡುಗ ಕನ್ನಡಕ ಹಾಕಿದ್ದ. ಗಣಿತದಲ್ಲಿ ಅವನಿನ್ನೂ ಹಿಂದೆಯೇ ಇದ್ದ. ಆದರೆ ಮಾಸ್ತರರು ಈಗ ಅವನನ್ನು ಮುಂದಿನ ಸಾಲಿನಲ್ಲಿ ಕೂರಿಸುತ್ತಾರೆ, ಮೈಗಳ್ಳ ಎನ್ನುವುದನ್ನು ಬಿಟ್ಟಿದ್ದಾರೆ ಎಂದು ಅಜ್ಜಿ ಹೇಳಿದರು. ಮುಂದಿನ ಜೂನ್ ತಿಂಗಳಲ್ಲಿ ನಮ್ಮ ಶಾಲೆಗಳ ಪ್ರವೇಶಪತ್ರದಲ್ಲಿ ಆ ಒಂದು ಸಾಲು ಇದ್ದರೆ, ಇಂಥ ಪತ್ರಗಳನ್ನು ಬರೆಯುವ ಕೆಲಸ ನನಗೆ ಕಡಿಮೆಯಾದೀತು.